ಆ ಡಬಲ್ ಕೋಟ್ ಎಲ್ಲಿ ಹೋಯಿತು?

(ಸಿ ಮತ್ತು ಸಿ ಪ್ಲಸ್ ಪ್ಲಸ್ ಬರೆಯುವ ಗೆಳೆಯರ ಮುಂದೆ ಮಾಡಿದ ಮಾತಿನ ಬರಹ ರೂಪ. ಅವತ್ತು ಪರದೆಯ ಮೇಲಿದ್ದ ಕೋಡನ್ನು ಇಲ್ಲಿ ಬಾಯಲ್ಲಿ ಓದಿದ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು. ಚಿಹ್ನೆಗಳು ಮಾತ್ರ ಇದ್ದ ಹಾಗೇ ಇವೆ.)

ಎಲ್ಲರಿಗೂ ನಮಸ್ಕಾರ. ವಿಷಯ ಕೇಳಿದಾಗ "ಇಷ್ಟಕ್ಕೆ ಒಂದು ಉಪನ್ಯಾಸ ಬೇಕಾ?" ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಕೆಲಸ ಚಿಕ್ಕದೇ. ನಿಮ್ಮ ಪ್ರೋಗ್ರಾಮ್‌ಗೆ 1.2.3 ಅಂತ ಒಂದು ವರ್ಷನ್ ಇದೆ. ಅದನ್ನು ಕೋಡ್ ಒಳಗೆ ಕೈಯಾರೆ ಬರೆಯದೆ, ಬಿಲ್ಡ್ ಮಾಡುವಾಗ ಕಂಪೈಲರ್‌ಗೆ (ಕೋಡನ್ನು ಓಡಬಲ್ಲ ಪ್ರೋಗ್ರಾಮ್ ಆಗಿ ಮಾಡುವ ಉಪಕರಣಕ್ಕೆ) ಹೊರಗಿನಿಂದ ಕೊಡಬೇಕು. ಅದು ಕೋಡ್ ಒಳಗೆ ಸ್ಟ್ರಿಂಗ್ ಆಗಿ, ಅಂದರೆ ಡಬಲ್ ಕೋಟ್ ಒಳಗಿನ ಬರಹವಾಗಿ, ಸಿಗಬೇಕು. ಅಷ್ಟೇ.

ಇದಕ್ಕೆ ಕಂಪೈಲರ್‌ನಲ್ಲಿ ಒಂದು ಆಯ್ಕೆ ಇದೆ. ಅದು ಒಂದು ಹೆಸರಿಗೆ ಮೌಲ್ಯ ಕೊಡುತ್ತದೆ. ಆ ಹೆಸರಿಗೆ ಮ್ಯಾಕ್ರೋ ಅನ್ನುತ್ತಾರೆ; ಕೋಡ್‌ನಲ್ಲಿ ಅದು ಬಂದ ಕಡೆ ಆ ಮೌಲ್ಯ ಕೂರುತ್ತದೆ. ಜಿಸಿಸಿ, ಕ್ಲ್ಯಾಂಗ್ ಎರಡರಲ್ಲೂ ಅದು ಮೈನಸ್ ಡಿ. ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಸ್ಲ್ಯಾಶ್ ಡಿ. ಹೀಗೆ ಕೊಡುತ್ತೀರಿ:

-ಡಿ ಆಪ್_ವರ್ಷನ್="1.2.3"

ನೋಡುವುದಕ್ಕೆ ಸರಿಯಾಗಿಯೇ ಇದೆ. ಆದರೆ ಲಿನಕ್ಸ್ ಟರ್ಮಿನಲ್‌ನಲ್ಲಿ ಹೀಗೆ ಕೊಟ್ಟರೆ ಜಿಸಿಸಿ ಬೈಯುತ್ತದೆ: ಸಂಖ್ಯೆಯಲ್ಲಿ ದಶಮಾಂಶ ಚುಕ್ಕೆಗಳು ಜಾಸ್ತಿ ಆದವು ಅಂತ. ಸಂಖ್ಯೆ ಯಾರು ಕೊಟ್ಟರು? ನಾವು ಕೊಟ್ಟದ್ದು ಸ್ಟ್ರಿಂಗ್ ಅಲ್ವಾ?

ಕೊಟ್ಟಿದ್ದು ನಿಜ. ಆದರೆ ಅದನ್ನು ಮೊದಲು ಓದಿದ್ದು ಕಂಪೈಲರ್ ಅಲ್ಲ, ಶೆಲ್, ಅಂದರೆ ಟರ್ಮಿನಲ್‌ನಲ್ಲಿ ನಾವು ಕೊಟ್ಟ ಕಮಾಂಡ್ ಓದುವ ಪ್ರೋಗ್ರಾಮ್. ಶೆಲ್‌ನ ವ್ಯಾಕರಣದಲ್ಲಿ ಡಬಲ್ ಕೋಟ್ ಅಂದರೆ "ಇದರೊಳಗೆ ಪದಗಳ ನಡುವಿನ ಜಾಗದಲ್ಲಿ (ಸ್ಪೇಸ್) ಒಡೆಯಬೇಡ" ಅನ್ನುವ ಸೂಚನೆ. ಸೂಚನೆ ಪಾಲಿಸಿದ ಮೇಲೆ ಅದು ಕೋಟ್‌ಗಳನ್ನು ತೆಗೆದು ಹಾಕುತ್ತದೆ. ಕಂಪೈಲರ್ ಕೈಗೆ ಹೋಗಿದ್ದು ಬರೀ 1.2.3. ಸಿ ಭಾಷೆ ಅದನ್ನು ಸಂಖ್ಯೆ ಅಂತ ಓದಲು ಹೊರಟು ಎರಡನೇ ಚುಕ್ಕೆಯಲ್ಲಿ ಎಡವಿತು.

ಈ ಎರರ್ ಬಂದರೆ ಖುಷಿ ಪಡಿ. ವರ್ಷನ್ 1.2.3ರ ಬದಲು 1.10 ಅಂತ ಇದ್ದಿದ್ದರೆ? ಅದು ಸರಿಯಾದ ದಶಮಾಂಶ ಸಂಖ್ಯೆ. ಸಿ ಪ್ಲಸ್ ಪ್ಲಸ್‌ನಲ್ಲಿ ಪರದೆಗೆ ಬರೆಯುವ ಸಿಔಟ್‌ಗೆ ಕೊಟ್ಟರೆ ಒಂದು ಎಚ್ಚರಿಕೆಯೂ ಇಲ್ಲದೆ 1.1 ಅಂತ ಅಚ್ಚಾಗುತ್ತದೆ. ಹತ್ತನೇ ಬಿಡುಗಡೆ ಹೋಗಿ ಮೊದಲನೆಯದಾಯಿತು. ಗ್ರಾಹಕರು ಫೋನ್ ಮಾಡಿ "ನಮಗೆ ಹಳೇ ವರ್ಷನ್ ಕಳಿಸಿದ್ದೀರಿ" ಅನ್ನುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ.

ಶೆಲ್ ಒಂದೇ ಆಗಿದ್ದರೆ ಇಷ್ಟು ಮಾತಾಡುವ ಅಗತ್ಯ ಇರಲಿಲ್ಲ. ಕೋಟ್ ಮುಂದೆ ಒಂದೊಂದು ಬ್ಯಾಕ್‌ಸ್ಲ್ಯಾಶ್ ಹಾಕಿ, ಅಥವಾ ಇಡೀ ಮಾತನ್ನು ಸಿಂಗಲ್ ಕೋಟ್ ಒಳಗೆ ಇಟ್ಟು ಮನೆಗೆ ಹೋಗಬಹುದಿತ್ತು. ಆದರೆ ಇವತ್ತು ಯಾರೂ ಕಂಪೈಲರನ್ನು ಕೈಯಿಂದ ಕರೆಯುವುದಿಲ್ಲ. ನಡುವೆ ಸಿಮೇಕ್ ಅನ್ನುವ ಬಿಲ್ಡ್ ಉಪಕರಣ ಇದೆ. ಸಿಮೇಕ್ ತಾನೇ ಕಂಪೈಲ್ ಮಾಡುವುದಿಲ್ಲ. ಲಿನಕ್ಸ್‌ನಲ್ಲಿ ಮೇಕ್‌ಫೈಲ್ ಅಥವಾ ನಿಂಜಾ ಫೈಲ್ ಬರೆದು ಕೊಡುತ್ತದೆ (ಮೇಕ್, ನಿಂಜಾ ಅನ್ನುವ ಉಪಕರಣಗಳು ಅದನ್ನು ಓದಿ ಕಂಪೈಲರನ್ನು ಕರೆಯುತ್ತವೆ), ವಿಂಡೋಸ್‌ನಲ್ಲಿ ವಿಷುವಲ್ ಸ್ಟುಡಿಯೋ ಪ್ರಾಜೆಕ್ಟ್ ಬರೆದು ಕೊಡುತ್ತದೆ. ಈಗ ಎಣಿಸಿ. ನೀವು ಬರೆದ ಸ್ಟ್ರಿಂಗನ್ನು ಮೊದಲು ಸಿಮೇಕ್ ಭಾಷೆ ಓದುತ್ತದೆ. ಅದಕ್ಕೆ ಅದರದ್ದೇ ಕೋಟ್, ಅದರದ್ದೇ ಬ್ಯಾಕ್‌ಸ್ಲ್ಯಾಶ್, ಮೇಲೆ ಸೆಮಿಕೋಲನ್ ಕಂಡರೆ ಪಟ್ಟಿ ಅಂತ ಒಡೆಯುವ ಚಾಳಿ. ಆಮೇಲೆ ಮೇಕ್ ಓದುತ್ತದೆ. ಅದಕ್ಕೆ ಡಾಲರ್ ಚಿಹ್ನೆ ಅಂದರೆ ವೇರಿಯಬಲ್, ಹ್ಯಾಶ್ (#) ಅಂದರೆ ಕಾಮೆಂಟ್. ಆಮೇಲೆ ಶೆಲ್. ಆಮೇಲೆ ಕಂಪೈಲರ್‌ನ ಪ್ರೀಪ್ರೊಸೆಸರ್, ಅಂದರೆ ಮ್ಯಾಕ್ರೋಗಳನ್ನು ಮೊದಲು ಬಿಡಿಸುವ ಭಾಗ. ಕೊನೆಗೆ ಸಿ ಭಾಷೆಯ ಸ್ಟ್ರಿಂಗ್ ನಿಯಮ. ವಿಂಡೋಸ್ ಪ್ರಾಜೆಕ್ಟ್ ಆದರೆ ಮೇಕ್ ಜಾಗದಲ್ಲಿ ಎಕ್ಸ್‌ಎಂಎಲ್, ಅದರ ಹಿಂದೆ ಮೈಕ್ರೋಸಾಫ್ಟ್‌ನ ಬಿಲ್ಡ್ ಉಪಕರಣ ಎಂಎಸ್‌ಬಿಲ್ಡ್.

ವಿಂಡೋಸ್ ಬಗ್ಗೆ ಇನ್ನೊಂದು ಮಾತು. ಯುನಿಕ್ಸ್‌ನಲ್ಲಿ ಪ್ರೋಗ್ರಾಮ್‌ಗೆ ಆರ್ಗ್ಯುಮೆಂಟ್‌ಗಳು ಬಿಡಿಬಿಡಿಯಾಗಿ ಸಿಗುತ್ತವೆ. ವಿಂಡೋಸ್‌ನಲ್ಲಿ ಇಡೀ ಕಮಾಂಡ್ ಲೈನ್ ಒಂದೇ ಉದ್ದ ಸ್ಟ್ರಿಂಗ್ ಆಗಿ ಹೋಗುತ್ತದೆ. ಅದನ್ನು ಒಡೆದುಕೊಳ್ಳುವುದು ಆಯಾ ಪ್ರೋಗ್ರಾಮ್‌ನ ಪಾಡು. ಅಲ್ಲಿನ ಕಮಾಂಡ್ ಪ್ರಾಂಪ್ಟ್‌ಗೆ ಸಿಂಗಲ್ ಕೋಟ್ ಅಂದರೆ ಕೋಟೇ ಅಲ್ಲ, ಸುಮ್ನೆ ಒಂದು ಅಕ್ಷರ. ಹಾಗಾಗಿ ಲಿನಕ್ಸ್‌ನಲ್ಲಿ ಕಲಿತ ಸಿಂಗಲ್ ಕೋಟ್ ಉಪಾಯ ಇಲ್ಲಿ ನಡೆಯುವುದಿಲ್ಲ.

ಇಷ್ಟೆಲ್ಲ ಓದುಗರಿರುವಾಗ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ ನೋಡುತ್ತೇವೆ. ಆಗಲಿಲ್ಲ. ಇನ್ನೊಂದು. ಆಗಲಿಲ್ಲ. ಮೂರು ಹಾಕಿದಾಗ ಆಯಿತು! ಕಮಿಟ್ ಮಾಡಿ ಕಾಫಿಗೆ ಹೋಗುತ್ತೇವೆ. ನಾನು ಇವತ್ತು ವಾದ ಮಾಡುವುದು ಈ ಅಭ್ಯಾಸದ ವಿರುದ್ಧ. ಹೀಗೆ ಸಿಕ್ಕ ಉತ್ತರ ಆ ಒಂದು ಮಷೀನ್‌ಗೆ, ಆ ಒಂದು ಜನರೇಟರ್‌ಗೆ (ಸಿಮೇಕ್ ಯಾವ ಉಪಕರಣಕ್ಕೆ ಫೈಲ್ ಬರೆಯುತ್ತದೋ ಅದಕ್ಕೆ) ಮಾತ್ರ ಸರಿ. ಮೇಕ್ ಬಿಟ್ಟು ನಿಂಜಾಗೆ ಹೋದ ದಿನ ಮುರಿಯಬಹುದು. ಪಕ್ಕದವನ ವಿಂಡೋಸ್‌ನಲ್ಲಂತೂ ಮುರಿದೇ ಇರುತ್ತದೆ.

ಸಿಮೇಕ್ ಬರೆದವರಿಗೆ ಈ ಕಷ್ಟ ಗೊತ್ತಿತ್ತು. ಅದು ಹುಟ್ಟಿದ್ದೇ 2000ದ ಆಸುಪಾಸಿನಲ್ಲಿ, ಅಮೆರಿಕದ ಕಿಟ್‌ವೇರ್ ಕಂಪನಿಯಲ್ಲಿ, ವೈದ್ಯಕೀಯ ಚಿತ್ರಗಳನ್ನು ಸಂಸ್ಕರಿಸುವ ಐಟಿಕೆ ಅನ್ನುವ ಲೈಬ್ರರಿಗಾಗಿ. ಹಣ ಕೊಟ್ಟದ್ದು ಅಲ್ಲಿನ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್. ಒಂದೇ ಲೈಬ್ರರಿ ಯುನಿಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ಬಿಲ್ಡ್ ಆಗಬೇಕಿತ್ತು. ಆದರೂ 2.4 ವರ್ಷನ್‌ವರೆಗೆ ಎಸ್ಕೇಪ್ ಮಾಡುವ (ವಿಶೇಷ ಚಿಹ್ನೆಯನ್ನು ಬರೀ ಅಕ್ಷರ ಅಂತ ಓದಿಸಲು ಅದರ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕುವಂಥ) ಕೆಲಸ ಬಹುಮಟ್ಟಿಗೆ ಬಳಕೆದಾರರ ತಲೆ ಮೇಲೇ ಇತ್ತು. ಜನ ಬ್ಯಾಕ್‌ಸ್ಲ್ಯಾಶ್‌ಗಳ ಸಾಲು ನಿಲ್ಲಿಸುತ್ತಿದ್ದರು. 2008ರಲ್ಲಿ ಬಂದ 2.6ರಲ್ಲಿ ಇದು ಬದಲಾಯಿತು. ಸಿಎಂಪಿ0005 ಅನ್ನುವ ಪಾಲಿಸಿ ಬಂತು. ಇನ್ನು ಮುಂದೆ ಮೌಲ್ಯ ಏನು ಅಂತ ಮಾತ್ರ ನೀವು ಹೇಳಿ, ಆಯಾ ಬಿಲ್ಡ್ ಉಪಕರಣಕ್ಕೆ ಬೇಕಾದ ಹಾಗೆ ಎಸ್ಕೇಪ್ ಮಾಡುವುದು ನನ್ನ ಕೆಲಸ ಅಂತ ಸಿಮೇಕ್ ಒಪ್ಪಿಕೊಂಡಿತು. ಹಳೇ ನಡವಳಿಕೆ ಬೇಕೆನ್ನುವವರಿಗೆ ಅದನ್ನೂ ಉಳಿಸಿಕೊಟ್ಟಿತ್ತು. 2025ರ ಸಿಮೇಕ್ 4.0ರಲ್ಲಿ ಆ ಬಾಗಿಲೂ ಮುಚ್ಚಿತು.

ಇದು ಗೊತ್ತಿಲ್ಲದಿದ್ದರೆ ಹಳೇ ಪ್ರಾಜೆಕ್ಟ್‌ನ ಸಾಲನ್ನು ನಕಲು ಮಾಡಿ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ. ಆ ಕಾಲದ ಹೆಚ್ಚುವರಿ ಬ್ಯಾಕ್‌ಸ್ಲ್ಯಾಶ್‌ಗಳನ್ನು ಹೊಸ ಸಿಮೇಕ್ ಮೌಲ್ಯದ ಭಾಗ ಅಂತಲೇ ತಿಳಿದು, ಜೋಪಾನವಾಗಿ ಕಂಪೈಲರ್‌ವರೆಗೂ ತಲುಪಿಸುತ್ತದೆ. ಆಗ ಜಿಸಿಸಿ ಹೇಳುವುದು ಬೇರೆಯೇ ಮಾತು: ಪ್ರೋಗ್ರಾಮ್‌ನಲ್ಲಿ ಎಲ್ಲಿಂದಲೋ ಬಂದ ಬ್ಯಾಕ್‌ಸ್ಲ್ಯಾಶ್ ಇದೆ ಅಂತ.

ಈ ಎರರ್‌ಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಬ್ಯಾಕ್‌ಸ್ಲ್ಯಾಶ್ ಎಲ್ಲಿಂದಲೋ ಬಂತು ಅಂದರೆ ಎಸ್ಕೇಪ್ ಜಾಸ್ತಿ ಆಗಿದೆ. ದಶಮಾಂಶ ಚುಕ್ಕೆ ಜಾಸ್ತಿ ಅಂದರೆ ಕೋಟ್ ದಾರಿಯಲ್ಲೇ ಕಳೆದುಹೋಗಿದೆ. ಮೌಲ್ಯ ಒಂದು ಪದವಾಗಿದ್ದರೆ, ಉದಾಹರಣೆಗೆ "ಬೀಟಾ", ಆಗ "ಬೀಟಾ ಅನ್ನುವ ಹೆಸರನ್ನು ಎಲ್ಲೂ ಘೋಷಿಸಿಲ್ಲ" ಅನ್ನುತ್ತದೆ; ಅದೂ ಕೋಟ್ ಕಳೆದ ಕೇಸೇ. ಮೌಲ್ಯದಲ್ಲಿ ಜಾಗವಿದ್ದು, ಎರಡನೇ ಪದದ ಹೆಸರಿನ ಫೈಲ್ ಸಿಗುತ್ತಿಲ್ಲ ಅಂದರೆ, ಶೆಲ್ ಅಲ್ಲಿ ಒಡೆದು ಆ ಪದವನ್ನು ಫೈಲ್ ಹೆಸರು ಅಂತ ಕಂಪೈಲರ್‌ಗೆ ಕೊಟ್ಟಿದೆ. ಲಕ್ಷಣ ನಾಲ್ಕು, ರೋಗ ಮೂರು. ಎಲ್ಲದಕ್ಕೂ ಒಂದೇ ಮದ್ದು ಅಂತ ಇನ್ನೊಂದು ಬ್ಯಾಕ್‌ಸ್ಲ್ಯಾಶ್ ಹಾಕಬೇಡಿ.

ಸರಿ, ಹೇಗೆ ಬರೆಯಬೇಕು? ಇವತ್ತಿನ ಸಿಮೇಕ್‌ನಲ್ಲಿ ಹೀಗೆ (ಟಾರ್ಗೆಟ್ ಅಂದರೆ ಬಿಲ್ಡ್ ಆಗಬೇಕಾದ ಪ್ರೋಗ್ರಾಮ್ ಅಥವಾ ಲೈಬ್ರರಿ, ಇಲ್ಲಿ ಅದರ ಹೆಸರು ಆಪ್):

ಟಾರ್ಗೆಟ್_ಕಂಪೈಲ್_ಡೆಫಿನಿಷನ್ಸ್(ಆಪ್ ಪ್ರೈವೇಟ್ "ಆಪ್_ವರ್ಷನ್=\"1.2.3\"")

ಇಲ್ಲೂ ಬ್ಯಾಕ್‌ಸ್ಲ್ಯಾಶ್ ಇದೆಯಲ್ಲ ಅಂತ ಕೇಳಬಹುದು. ಇದೆ. ಆದರೆ ಇದು ಶೆಲ್‌ಗೆ ಹೇಳುತ್ತಿರುವುದಲ್ಲ, ಸಿಮೇಕ್ ಭಾಷೆಗೆ ಮಾತ್ರ. ಕೋಟ್ ಒಳಗೆ ಕೋಟ್ ಇಡಬೇಕಾದರೆ ಅದು ಕೇಳುವ ವ್ಯಾಕರಣ ಇದು. ಇದರ ಆಚೆಗಿನ ಯಾರ ಬಗ್ಗೆಯೂ ನೀವು ಯೋಚಿಸಬೇಕಿಲ್ಲ. ಈ ಬ್ಯಾಕ್‌ಸ್ಲ್ಯಾಶೂ ಕಣ್ಣಿಗೆ ಚುಚ್ಚುತ್ತದೆ ಅನ್ನುವವರು ಇಡೀ ಮಾತನ್ನು ಎರಡೆರಡು ಚೌಕ ಆವರಣದ ಒಳಗೆ ಇಡಬಹುದು:

[[ಆಪ್_ವರ್ಷನ್="1.2.3"]]

ಒಳಗಿರುವುದನ್ನು ಸಿಮೇಕ್ ಮುಟ್ಟುವುದಿಲ್ಲ. ಆದರೆ ವೇರಿಯಬಲ್ ಇದ್ದರೆ ಅದನ್ನೂ ಬಿಡಿಸುವುದಿಲ್ಲ. ಹಾಗಾಗಿ ವರ್ಷನ್ ಬೇರೆ ಕಡೆಯಿಂದ ಬರುವುದಾದರೆ ಮೊದಲಿನ ರೂಪವೇ ಸರಿ.

ನಂಬಿಕೆ ಬರದಿದ್ದರೆ ಸಿಮೇಕ್ ಬರೆದುಕೊಟ್ಟ ಫೈಲನ್ನೇ ತೆರೆದು ನೋಡಿ. ಮೇಕ್ ಆದರೆ ಫ್ಲ್ಯಾಗ್ಸ್ ಡಾಟ್ ಮೇಕ್ ಅನ್ನುವ ಫೈಲ್, ನಿಂಜಾ ಆದರೆ ಬಿಲ್ಡ್ ಡಾಟ್ ನಿಂಜಾ. ಎರಡರಲ್ಲೂ ಕೋಟ್ ಮುಂದೆ ಬ್ಯಾಕ್‌ಸ್ಲ್ಯಾಶ್ ಕಾಣುತ್ತದೆ. ಅದು ಶೆಲ್‌ಗಾಗಿ ಸಿಮೇಕ್ ತಾನೇ ಹಾಕಿದ್ದು. ವಿಷುವಲ್ ಸ್ಟುಡಿಯೋ ಪ್ರಾಜೆಕ್ಟ್ ಇನ್ನೂ ಮಜಾ. ಬಿಲ್ಡ್ ಡಿಬಗ್ಗಾ ರಿಲೀಸಾ ಅಂತ ಹೇಳಲು ಸಿಮೇಕ್ ಅಲ್ಲಿ ತನ್ನದೇ ಒಂದು ಸ್ಟ್ರಿಂಗ್ ಡೆಫಿನಿಷನ್ ಸೇರಿಸುತ್ತದೆ, ಸಿಮೇಕ್_ಇಂಟ್‌ಡಿರ್ ಅಂತ. ಅದೇ ಫೈಲ್‌ನಲ್ಲಿ, ಸಿ ಪ್ಲಸ್ ಪ್ಲಸ್ ಕಂಪೈಲರ್ ಭಾಗದಲ್ಲಿ ಅದು ="ಡಿಬಗ್" ಅಂತ ಇರುತ್ತದೆ. ಕೆಲವು ಸಾಲು ಕೆಳಗೆ, ಐಕಾನ್ ಮುಂತಾದವನ್ನು ಪ್ರೋಗ್ರಾಮ್‌ಗೆ ಸೇರಿಸುವ ರಿಸೋರ್ಸ್ ಕಂಪೈಲರ್ ಭಾಗದಲ್ಲಿ =\"ಡಿಬಗ್\" ಅಂತ ಇರುತ್ತದೆ. ಒಂದೇ ಮೌಲ್ಯ, ಒಂದೇ ಫೈಲ್, ಎರಡು ಓದುಗರು, ಎರಡು ಬರಹ. ಇದನ್ನೆಲ್ಲ ನೀವು ನೆನಪಿಟ್ಟುಕೊಳ್ಳುತ್ತೀರಾ? ನಾನಂತೂ ಇಲ್ಲ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ, ಹೊಸಬರು ಇದರಲ್ಲಿ ತುಂಬಾ ಸಿಕ್ಕಿಕೊಳ್ಳುತ್ತಾರೆ. ಸಿಮೇಕ್ ಕಮಾಂಡ್‌ಗೂ ಒಂದು ಮೈನಸ್ ಡಿ ಇದೆ. ಟರ್ಮಿನಲ್‌ನಲ್ಲಿ ಸಿಮೇಕ್‌ಗೆ -ಡಿ ಆಪ್_ವರ್ಷನ್=1.2.3 ಅಂತ ಕೊಟ್ಟು, ಕೋಡ್ ಒಳಗೆ ಆ ಮ್ಯಾಕ್ರೋ ಯಾಕೆ ಇಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ. ಆ ಡಿ ಕಂಪೈಲರ್‌ಗೆ ಹೋಗುವುದಿಲ್ಲ. ಅದು ಸಿಮೇಕ್‌ನ ಕ್ಯಾಶ್‌ನಲ್ಲಿ ಒಂದು ವೇರಿಯಬಲ್ ಇಡುತ್ತದೆ, ಅಷ್ಟೇ. ಅಲ್ಲಿಂದ ಕಂಪೈಲರ್‌ಗೆ ತಲುಪಿಸುವುದು ಮೇಲಿನ ಟಾರ್ಗೆಟ್ ಸಾಲಿನ ಕೆಲಸ. "ನೀವು ಕೊಟ್ಟ ವೇರಿಯಬಲನ್ನು ಪ್ರಾಜೆಕ್ಟ್ ಬಳಸಲಿಲ್ಲ" ಅಂತ ಸಿಮೇಕ್ ಕೊನೆಯಲ್ಲಿ ಎಚ್ಚರಿಕೆ ಕೊಡುತ್ತದೆ. ನಾವು ಎಚ್ಚರಿಕೆ ಓದುವವರಲ್ಲ, ಅಲ್ವಾ. ಮತ್ತೆ, ಕ್ಯಾಶ್ ಅಂದ ಮೇಲೆ ಅದು ಉಳಿದುಕೊಳ್ಳುತ್ತದೆ. ಮುಂದಿನ ಸಲ ಕೊಡದಿದ್ದರೂ ಹಳೇ ವರ್ಷನ್ ಅಲ್ಲೇ ಕೂತಿರುತ್ತದೆ.

ಈಗ ಜಾಣರ ಅಡ್ಡದಾರಿ. ಕೋಟ್ ಕಳಿಸುವುದೇ ಬೇಡ, ಬರೀ 1.2.3 ಕಳಿಸೋಣ, ಕೋಡ್ ಒಳಗೆ ಪ್ರೀಪ್ರೊಸೆಸರ್‌ನ ಹ್ಯಾಶ್ ಬಳಸಿ ಸ್ಟ್ರಿಂಗ್ ಮಾಡಿಕೊಳ್ಳೋಣ ಅನ್ನುತ್ತಾರೆ. ಒಂದರೊಳಗೆ ಒಂದು ಎರಡು ಮ್ಯಾಕ್ರೋ ಬರೆದರೆ ಆಗುತ್ತದೆ. ವರ್ಷನ್‌ಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ, 1.10 ಕೂಡ 1.10 ಆಗಿಯೇ ಉಳಿಯುತ್ತದೆ. ಆದರೆ ಇದೇ ಉಪಾಯವನ್ನು ಫೋಲ್ಡರ್ ದಾರಿಗೆ ಬಳಸಿ ನೋಡಿ. ಲಿನಕ್ಸ್‌ನಲ್ಲಿ ಜಿಸಿಸಿ ತನ್ನ ಮಾಮೂಲಿ ಮೋಡ್‌ನಲ್ಲಿ "ಲಿನಕ್ಸ್" ಅನ್ನುವ ಹೆಸರಿನ ಒಂದು ಮ್ಯಾಕ್ರೋವನ್ನು ಮೊದಲೇ ಇಟ್ಟಿರುತ್ತದೆ, ಅದರ ಮೌಲ್ಯ 1. ಪೂರ್ತಿ ಸಣ್ಣ ಅಕ್ಷರದಲ್ಲಿ. ನಿಮ್ಮ ದಾರಿ /ಆಪ್ಟ್/ಲಿನಕ್ಸ್/ಡೇಟಾ ಅಂತ ಇದ್ದರೆ, ಸ್ಟ್ರಿಂಗ್ ಆಗುವ ಮೊದಲು ಮ್ಯಾಕ್ರೋ ಬಿಡಿಸಿಕೊಂಡು /ಆಪ್ಟ್/1/ಡೇಟಾ ಆಗುತ್ತದೆ! ವೆಬ್ ವಿಳಾಸ ಕೊಟ್ಟರೆ ಎರಡು ಸ್ಲ್ಯಾಶ್‌ನಿಂದ ಮುಂದಿನದೆಲ್ಲ ಕಾಮೆಂಟ್. ಅಲ್ಪವಿರಾಮ ಇದ್ದರೆ ಮ್ಯಾಕ್ರೋಗೆ ಎರಡು ಆರ್ಗ್ಯುಮೆಂಟ್ ಬಂದವು ಅಂತ ಎರರ್. ನನ್ನ ಅಭಿಪ್ರಾಯದಲ್ಲಿ ಈ ಅಡ್ಡದಾರಿ ಬೇಡ. ಇದರ ಅಪಾಯಗಳು ಓದುವವರ ಕಣ್ಣಿಗೆ ಕಾಣುವುದೇ ಇಲ್ಲ.

ಹಾಗಾದರೆ ಸಿಮೇಕ್ ಎಲ್ಲವನ್ನೂ ಸರಿಯಾಗಿ ತಲುಪಿಸುತ್ತದಾ? ಇಲ್ಲ. ಅದರ ಕೈಪಿಡಿಯೇ ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ಹ್ಯಾಶ್ ಚಿಹ್ನೆ ಬಹುತೇಕ ಎಲ್ಲ ಕಡೆ ಮುರಿಯುತ್ತದೆ, ಶೇಕಡಾ ಚಿಹ್ನೆ ಮೈಕ್ರೋಸಾಫ್ಟ್‌ನ ಎನ್‌ಮೇಕ್‌ನಲ್ಲಿ ಕೆಲವೊಮ್ಮೆ ಮುರಿಯುತ್ತದೆ, ಅಲ್ಪವಿರಾಮ ವಿಷುವಲ್ ಸ್ಟುಡಿಯೋದಲ್ಲಿ ಮುರಿಯುತ್ತದೆ ಅಂತ ಪಟ್ಟಿಯನ್ನೇ ಕೊಟ್ಟಿದ್ದಾರೆ. ಹ್ಯಾಶ್ ಯಾರು ಕಳಿಸುತ್ತಾರೆ ಅನ್ನಬೇಡಿ. ಆ್ಯಪ್‌ನ ಥೀಮ್ ಬಣ್ಣ #ff6600 ಅಂತ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಆ ಪಟ್ಟಿಯ ಮೇಲೆ ಇರುವ ಮಾತು ನನಗೆ ಬಹಳ ಇಷ್ಟ: ಮೌಲ್ಯ ಸರಿಯಾಗಿ ಎಸ್ಕೇಪ್ ಆಗದಿದ್ದರೆ ನೀವೇ ಎಸ್ಕೇಪ್ ಸೇರಿಸಿ ಸರಿ ಮಾಡಲು ಹೋಗಬೇಡಿ, ನಾಳೆ ನಾವು ಸರಿ ಮಾಡಿದಾಗ ನಿಮ್ಮದು ಮುರಿಯುತ್ತದೆ, ಅದರ ಬದಲು ಹೆಡರ್ ಫೈಲ್ ಮಾಡಿ.

ಹೆಡರ್ ಫೈಲ್, ಅಂದರೆ ಕೋಡ್ ಫೈಲ್‌ಗಳು ತಮ್ಮೊಳಗೆ ಸೇರಿಸಿಕೊಳ್ಳುವ ಫೈಲ್. ನಿಜ ಹೇಳಬೇಕೆಂದರೆ ಇದಕ್ಕೇ ನಾನು ಬಂದಿದ್ದು. ವರ್ಷನ್ ಡಾಟ್ ಎಚ್ ಡಾಟ್ ಇನ್ ಅಂತ ಒಂದು ಮಾದರಿ ಫೈಲ್ ಇಡಿ. ಒಳಗೆ ಒಂದೇ ಸಾಲು:

#ಡಿಫೈನ್ ಆಪ್_ವರ್ಷನ್ "@ಪ್ರಾಜೆಕ್ಟ್_ವರ್ಷನ್@"

ಕಾನ್ಫಿಗರ್_ಫೈಲ್ ಅನ್ನುವ ಸಿಮೇಕ್ ಕಮಾಂಡ್ ಎರಡು @ಗಳ ನಡುವಿನ ಜಾಗದಲ್ಲಿ ಮೌಲ್ಯ ತುಂಬಿ ನಿಜವಾದ ಹೆಡರ್ ಬರೆಯುತ್ತದೆ. ಮೇಕ್ ಇದನ್ನು ಓದುವುದಿಲ್ಲ, ಶೆಲ್ ಓದುವುದಿಲ್ಲ, ಎಕ್ಸ್‌ಎಂಎಲ್ ಇಲ್ಲ. ಆ ಮೌಲ್ಯ ಓದುವವರು ಸಿಮೇಕ್ ಮತ್ತು ಕಂಪೈಲರ್, ಇಬ್ಬರೇ. ಹ್ಯಾಶ್, ಡಾಲರ್, ಅಲ್ಪವಿರಾಮ ಯಾವುದೂ ಈಗ ವಿಶೇಷ ಅಲ್ಲ. ಉಳಿಯುವುದು ಸಿ ಭಾಷೆಯ ನಿಯಮ ಮಾತ್ರ. ಮೌಲ್ಯದಲ್ಲೇ ಡಬಲ್ ಕೋಟ್ ಇದ್ದರೆ ಎಸ್ಕೇಪ್_ಕೋಟ್ಸ್ ಆಯ್ಕೆ ಸೇರಿಸಿ. ಬ್ಯಾಕ್‌ಸ್ಲ್ಯಾಶನ್ನು ಮಾತ್ರ ಅದು ನೋಡಿಕೊಳ್ಳುವುದಿಲ್ಲ. ವಿಂಡೋಸ್ ದಾರಿಯಲ್ಲಿ ಬ್ಯಾಕ್‌ಸ್ಲ್ಯಾಶ್ ಪಕ್ಕ ಎನ್ ಅಕ್ಷರದ ಫೋಲ್ಡರ್ ಬಂದರೆ ಸಿ ಅದನ್ನು ಹೊಸ ಸಾಲು ಅಂತ ಓದುತ್ತದೆ, ಟಿ ಬಂದರೆ ಟ್ಯಾಬ್. ಅದಕ್ಕೇ ದಾರಿಗಳನ್ನು ಮುಂದೊರಗಿದ ಸ್ಲ್ಯಾಶ್‌ನಲ್ಲೇ ಬರೆಯಿರಿ. ವಿಂಡೋಸ್ ಅದನ್ನೂ ಒಪ್ಪುತ್ತದೆ.

ಹೆಡರ್‌ನಿಂದ ಇನ್ನೊಂದು ಲಾಭ ಇದೆ, ನನಗೆ ಇದೇ ದೊಡ್ಡದು. ಕಮಾಂಡ್ ಲೈನ್‌ನಲ್ಲಿ ಡೆಫಿನಿಷನ್ ಬದಲಾದರೆ ಆ ಟಾರ್ಗೆಟ್‌ನ ಎಲ್ಲ ಫೈಲ್‌ಗಳ ಕಮಾಂಡ್ ಬದಲಾದ ಹಾಗೆ. ಎಲ್ಲವೂ ಮತ್ತೆ ಕಂಪೈಲ್ ಆಗುತ್ತವೆ. ವರ್ಷನ್ ಅಪರೂಪಕ್ಕೆ ಬದಲಾಗುತ್ತದೆ, ಪರವಾಗಿಲ್ಲ. ಆದರೆ ಗಿಟ್ (ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಉಪಕರಣ) ಕಮಿಟ್‌ನ ಗುರುತನ್ನು ಹೀಗೆ ಕಳಿಸುವವರಿದ್ದಾರೆ. ಒಂದು ಕಾಮೆಂಟ್ ತಿದ್ದಿ ಕಮಿಟ್ ಮಾಡಿದರೂ ಸಾವಿರ ಫೈಲ್ ಬಿಲ್ಡ್ ಆಗಬೇಕು. ಹೆಡರ್ ಆದರೆ ಅದನ್ನು ಸೇರಿಸಿಕೊಂಡ ಫೈಲ್‌ಗಳು ಮಾತ್ರ. ಕಾನ್ಫಿಗರ್_ಫೈಲ್‌ಗೆ ಇನ್ನೂ ಒಂದು ಒಳ್ಳೇ ಗುಣ: ಒಳಗಿನ ಬರಹ ಬದಲಾಗದಿದ್ದರೆ ಫೈಲನ್ನು ಮುಟ್ಟುವುದೇ ಇಲ್ಲ. ಆ ಹೆಡರನ್ನು ಒಂದೇ ಒಂದು ಸಿಪಿಪಿ ಫೈಲ್ ಸೇರಿಸಿಕೊಳ್ಳಲಿ, ಉಳಿದವರು ಅದರ ಒಂದು ಫಂಕ್ಷನ್ ಕರೆದು ಸ್ಟ್ರಿಂಗ್ ಪಡೆಯಲಿ. ಗಿಟ್ ಗುರುತಿನ ವಿಷಯದಲ್ಲಿ ಒಂದು ಎಚ್ಚರ. ಸಿಮೇಕ್ ಕಾನ್ಫಿಗರ್ ಆಗುವಾಗ ಅದನ್ನು ಓದಿಟ್ಟುಕೊಂಡರೆ, ಮುಂದಿನ ಕಮಿಟ್ ಆದಾಗ ಸಿಮೇಕ್ ತಾನಾಗಿ ಮತ್ತೆ ಓಡುವುದಿಲ್ಲ. ಹಳೇ ಗುರುತೇ ಒಳಗೆ ಉಳಿಯುತ್ತದೆ. ಅದನ್ನು ಬಿಲ್ಡ್ ಸಮಯದಲ್ಲಿ ಓಡುವ ಸಣ್ಣ ಸ್ಕ್ರಿಪ್ಟ್‌ಗೆ ಬಿಡಿ.

ಕನ್ನಡ ಬಳಸುವ ನಮಗೆ ನೇರವಾಗಿ ತಾಗುವ ಒಂದು ಉದಾಹರಣೆ ಇದೆ. ಲಿನಕ್ಸ್‌ನ ಬಹಳಷ್ಟು ಪ್ರೋಗ್ರಾಮ್‌ಗಳಲ್ಲಿ ಅನುವಾದ ತೋರಿಸುವುದು ಗೆಟ್‌ಟೆಕ್ಸ್ಟ್. ಅನುವಾದದ ಫೈಲ್‌ಗಳು ಎಲ್ಲಿವೆ ಅಂತ ಪ್ರೋಗ್ರಾಮ್‌ಗೆ ಗೊತ್ತಿರಬೇಕು. ಆ ದಾರಿಯನ್ನು ಲೊಕೇಲ್‌ಡಿರ್ ಅನ್ನುವ ಹೆಸರಿನಲ್ಲಿ, ಇದೇ ಮೈನಸ್ ಡಿ ಮೂಲಕ ಸ್ಟ್ರಿಂಗ್ ಆಗಿ ಕಳಿಸುವುದು ಬಹಳ ಹಳೆಯ ರೂಢಿ. ಮೇಕ್‌ಫೈಲ್‌ನಲ್ಲಿ ಅದರ ಎರಡೂ ಬದಿಗೆ ಬ್ಯಾಕ್‌ಸ್ಲ್ಯಾಶ್ ಹಾಕಿದ ಕೋಟ್ ನೋಡಿರುತ್ತೀರಿ. ಈ ದಾರಿ ತಪ್ಪಾದರೆ ಎರರ್ ಬರುವುದಿಲ್ಲ. ಅನುವಾದ ಸಿಗದಿದ್ದರೆ ಮೂಲ ಬರಹವನ್ನೇ ವಾಪಸ್ ಕೊಡುವುದು ಗೆಟ್‌ಟೆಕ್ಸ್ಟ್‌ನ ಪದ್ಧತಿ. ಯಾರೋ ಕೂತು ಮಾಡಿದ ಕನ್ನಡ ಅನುವಾದ ಡಿಸ್ಕ್ ಮೇಲೆ ಇದ್ದರೂ ಪರದೆಯ ಮೇಲೆ ಇಂಗ್ಲಿಷೇ ಕಾಣುತ್ತದೆ. ನಾವು "ಇದಕ್ಕೆ ಕನ್ನಡ ಮಾಡಿಲ್ಲ ಪಾಪ" ಅಂದುಕೊಂಡು ಸುಮ್ಮನಾಗುತ್ತೇವೆ. ಮುಂದೆ ಹಾಗೆ ಕಂಡಾಗ, ಬೈನರಿಯ (ಬಿಲ್ಡ್ ಆದ ಪ್ರೋಗ್ರಾಮ್ ಫೈಲಿನ) ಮೇಲೆ, ಒಳಗಿನ ಬರಹಗಳನ್ನು ತೋರಿಸುವ ಸ್ಟ್ರಿಂಗ್ಸ್ ಕಮಾಂಡ್ ಓಡಿಸಿ ಆ ದಾರಿ ಏನಿದೆ ಅಂತ ಒಮ್ಮೆ ನೋಡಿ.

ಸ್ಟ್ರಿಂಗ್ಸ್ ಕಮಾಂಡ್ ಅಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಎಪಿಐ ಕೀ, ಪಾಸ್‌ವರ್ಡ್ ಇವನ್ನು ಮೈನಸ್ ಡಿ ಮೂಲಕ ಕಳಿಸಿದರೆ ಕೋಡ್‌ನಲ್ಲಿ ಕಾಣದು ಅನ್ನುವುದೇನೋ ಸರಿ. ಆದರೆ ಬಿಲ್ಡ್ ಲಾಗ್‌ನಲ್ಲಿ ಕಾಣುತ್ತದೆ, ಬೈನರಿಯಲ್ಲೂ ಕಾಣುತ್ತದೆ. ಅದು ಗುಟ್ಟೇ ಅಲ್ಲ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: "ಸರ್, ಮೌಲ್ಯವೇ ಕನ್ನಡದಲ್ಲಿದ್ದರೆ? ಆ್ಯಪ್ ಹೆಸರನ್ನು ಕನ್ನಡದಲ್ಲೇ ಕಳಿಸಬಹುದಾ?" ಲಿನಕ್ಸ್‌ನಲ್ಲಿ ಎಲ್ಲವೂ ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿರುವುದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ವಿಂಡೋಸ್‌ನಲ್ಲಿ ಕಮಾಂಡ್ ಲೈನ್ ನಂಬಬೇಡಿ. ಅಲ್ಲಿ ಕನ್ನಡ ಯುನಿಕೋಡ್‌ನಲ್ಲಿ ಮಾತ್ರ ಇರುವ ಭಾಷೆ, ಅದಕ್ಕೆ ಸಿಸ್ಟಮ್ ಮಟ್ಟದ ಹಳೇ ಶೈಲಿಯ ಕೋಡ್ ಪೇಜ್ (ಅಕ್ಷರಗಳಿಗೆ ಸಂಖ್ಯೆ ಕೊಡುವ ಪಟ್ಟಿ) ಇಲ್ಲ. ದಾರಿಯಲ್ಲಿ ಯಾವುದೋ ಒಂದು ಉಪಕರಣ ಹಳೇ ಕೋಡ್ ಪೇಜ್‌ಗೆ ಇಳಿಸಿದರೆ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತವೆ. ಹೆಡರ್ ಫೈಲ್‌ನಲ್ಲಿ ಯುಟಿಎಫ್-8 ಆಗಿ ಇಡಿ, ಮೈಕ್ರೋಸಾಫ್ಟ್ ಕಂಪೈಲರ್‌ಗೆ /ಯುಟಿಎಫ್-8 ಆಯ್ಕೆ ಕೊಡಿ.

ಇನ್ನೊಬ್ಬರು 1.10ರ ವಿಷಯಕ್ಕೆ ವಾಪಸ್ ಬಂದರು. ಎರರೇ ಇಲ್ಲದೆ 1.1 ಆಗುತ್ತದಲ್ಲ, ಅದನ್ನು ಹಿಡಿಯುವುದು ಹೇಗೆ ಅಂತ. ಹಳೇ ಪ್ರಾಜೆಕ್ಟ್, ಹೆಡರ್‌ಗೆ ಬದಲಾಯಿಸಲು ಸದ್ಯಕ್ಕೆ ಪುರುಸೊತ್ತಿಲ್ಲ ಅನ್ನುವವರಿಗೆ ಒಂದು ಸುಲಭದ ಉಪಾಯ ಇದೆ. ಸಿ ಭಾಷೆಯಲ್ಲಿ ಅಕ್ಕಪಕ್ಕದ ಎರಡು ಸ್ಟ್ರಿಂಗ್‌ಗಳು ತಾವಾಗಿ ಒಂದಾಗುತ್ತವೆ. ಆದ್ದರಿಂದ ಮ್ಯಾಕ್ರೋ ಬಳಸುವ ಕಡೆ ಅದರ ಮುಂದೆ ಒಂದು ಖಾಲಿ ಸ್ಟ್ರಿಂಗ್ ಇಡಿ:

"" ಆಪ್_ವರ್ಷನ್

ಬಂದದ್ದು ಸ್ಟ್ರಿಂಗ್ ಆದರೆ ಖಾಲಿಯ ಜೊತೆ ಸೇರಿ ಅದೇ ಸ್ಟ್ರಿಂಗ್. ಬಂದದ್ದು ಸಂಖ್ಯೆ ಆದರೆ ಸ್ಟ್ರಿಂಗ್ ಪಕ್ಕ ಸಂಖ್ಯೆ ಬಂತು ಅಂತ ಕಂಪೈಲರ್ ಅಲ್ಲೇ ನಿಲ್ಲಿಸುತ್ತದೆ. ನಡುವಿನ ಜಾಗ ಮಾತ್ರ ಬಿಡಲೇಬೇಕು. ಸಿ ಪ್ಲಸ್ ಪ್ಲಸ್ 11ರಿಂದ ಈಚೆಗೆ, ಕೋಟ್‌ಗೆ ಅಂಟಿಕೊಂಡು ಬಂದ ಹೆಸರನ್ನು ಕಂಪೈಲರ್ ಸ್ಟ್ರಿಂಗ್‌ನ ಬಾಲ ಅಂತ ಓದುತ್ತದೆ, ಮ್ಯಾಕ್ರೋ ಅಂತಲ್ಲ.